ಆರೋನನ ಬಟ್ಟೆಗೂ ನಮಗೂ ಏನು ಸಂಬಂಧ?

ಓದುಗರ ಪ್ರಶ್ನೆ: ನಾವು ಹಾಸನದವರು. ನಮ್ಮ ಸಭೆಯ ಬೈಬಲ್ ಓದಿನಲ್ಲಿ ಈಗ ವಿಮೋಚನಕಾಂಡ 28ಕ್ಕೆ ಬಂದಿದ್ದೇವೆ. ಅಧ್ಯಾಯ ಪೂರ್ತಿ ಬಟ್ಟೆಯದೇ ಮಾತು. ನಮ್ಮ ಪಾಸ್ಟರ್ ಪ್ಯಾಂಟು ಶರ್ಟಿನಲ್ಲೇ ಪ್ರಸಂಗ ಮಾಡುತ್ತಾರೆ. ನನ್ನ ಹೆಂಡತಿಯ ತವರು ಚಿಕ್ಕಮಗಳೂರು, ಅವರ ಮನೆಯವರು ಕಥೋಲಿಕರು. ಅಲ್ಲಿ ಫಾದರ್ ಒಂದೊಂದು ಕಾಲಕ್ಕೆ ಒಂದೊಂದು ಬಣ್ಣದ ವಸ್ತ್ರ ಹಾಕುತ್ತಾರೆ. ಆರೋನನ ಬಟ್ಟೆಯಿಂದ ಈಗಿನ ಕ್ರೈಸ್ತರಿಗೆ ಏನಾದರೂ ಇದೆಯಾ? ಅದರ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿಗೂ ಅರ್ಥ ಇದೆ ಅಂತಾರೆ, ನಿಜವಾ? ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು ಅನ್ನೋದು ಹೌದಾ?

ಉತ್ತರ: ಇದೆ, ಬೇಕಾದಷ್ಟಿದೆ. ಆದರೆ ನಮ್ಮಲ್ಲಿ ಜಾಸ್ತಿ ಜನ ಬಣ್ಣದ ಅರ್ಥ ಹುಡುಕುತ್ತಾ ಕೂತು, ಆ ಅಧ್ಯಾಯ ತಾನಾಗಿಯೇ ಬಿಡಿಸಿ ಹೇಳಿರುವ ಮಾತನ್ನು ದಾಟಿ ಹೋಗುತ್ತೇವೆ. ಅದನ್ನೇ ಮೊದಲು ನೋಡೋಣ.

ಆರೋನ ಮೋಶೆಯ ಅಣ್ಣ, ಇಸ್ರಾಯೇಲ್ಯರ ಮೊದಲ ಮಹಾಯಾಜಕ. ಅವನ ಉಡುಪಿನಲ್ಲಿ ಎದೆಪದಕ, ಏಫೋದು (ನಿಲುವಂಗಿಯ ಮೇಲೆ ತೊಡುವ, ಹೆಗಲ ಪಟ್ಟಿಗಳಿರುವ ವಸ್ತ್ರ), ನಿಲುವಂಗಿ, ಒಳಗಿನ ಅಂಗಿ, ಮುಂಡಾಸು, ನಡುಕಟ್ಟು ಇವೆ. ಮುಂಡಾಸಿನ ಮುಂದೆ ಚಿನ್ನದ ಒಂದು ತಗಡು. ಮೈಮುಚ್ಚಲು ನಾರುಮಡಿಯ ಚಡ್ಡಿ. ಚಪ್ಪಲಿಯ ಮಾತೇ ಇಲ್ಲ. ಯಾಜಕರು ಬರಿಗಾಲಲ್ಲೇ ಸೇವೆ ಮಾಡುತ್ತಿದ್ದರು ಎಂಬುದು ಯೆಹೂದ್ಯರ ಸಂಪ್ರದಾಯ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವ ನಮ್ಮ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಹೆಗಲಿಗೆ ಬನ್ನಿ. ಏಫೋದಿನ ಎರಡು ಹೆಗಲ ಪಟ್ಟಿಗಳ ಮೇಲೆ ಎರಡು ಕಲ್ಲು. ಒಂದೊಂದರ ಮೇಲೆ ಇಸ್ರಾಯೇಲಿನ ಆರಾರು ಕುಲಗಳ ಹೆಸರು. ಸುಮ್ನೆ ಬರೆದದ್ದಲ್ಲ, ಮುದ್ರೆ ಕೊರೆಯುವವರು ಕೊರೆದ ಹಾಗೆ ಕೊರೆದದ್ದು. ಎದೆಯ ಮೇಲೆ ಪದಕ. ಅದು ಗೇಣುದ್ದ, ಗೇಣಗಲ, ಎರಡು ಪದರ. ಮೂರು ಮೂರರಂತೆ ನಾಲ್ಕು ಸಾಲು, ಒಟ್ಟು 12 ಕಲ್ಲು. ಅಲ್ಲೂ ಅದೇ 12 ಹೆಸರು, ಈ ಸಲ ಒಂದು ಕಲ್ಲಿಗೆ ಒಂದು. ಪದಕ ಜಾರಬಾರದು ಅಂತ ಚಿನ್ನದ ಸರಪಳಿ, ಚಿನ್ನದ ಬಳೆ, ನೀಲಿ ದಾರ ಎಲ್ಲ ಹಾಕಿ ಬಿಗಿಯುತ್ತಾರೆ. ಆರೋನ ದೇವರ ಆರಾಧನೆಯ ಗುಡಾರದ ಒಳಗೆ ಹೋಗುವಾಗಲೆಲ್ಲ ಆ ಹೆಸರುಗಳನ್ನು ತನ್ನ ಎದೆಯ ಮೇಲೆ ಹೊತ್ತು ದೇವರ ಮುಂದೆ ನೆನಪಿಗೆ ತರಬೇಕು ಎಂದು 29ನೇ ವಚನ ನೇರವಾಗಿ ಹೇಳುತ್ತದೆ.

ಒಂದೇ ಹೆಸರುಗಳು ಎರಡು ಜಾಗದಲ್ಲಿ ಯಾಕೆ? ನನಗೆ ತೋಚುವುದು ಇಷ್ಟು. ನಮ್ಮ ಕಡೆ ಕಾಫಿ ಮೂಟೆ ಹೊರುವವರು ಹೆಗಲು ಕೊಡುತ್ತಾರೆ, ಮಗುವನ್ನು ಎತ್ತಿಕೊಳ್ಳುವವರು ಎದೆಗೆ ಅವಚಿಕೊಳ್ಳುತ್ತಾರೆ. ಯಾಜಕನಿಗೆ ಎರಡೂ ಕೆಲಸ. ಜನರ ಭಾರವೂ ಅವನದು, ಅವರ ಮೇಲಿನ ಮಮತೆಯೂ ಅವನದು. ಹೆಗಲ ಮೇಲೆ ಗುಂಪಾಗಿ ಇದ್ದವರು ಎದೆಯ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ದೊಡ್ಡ ಕುಲ ಯೂದನಿಗೂ ಒಂದೇ ಕಲ್ಲು, ಚಿಕ್ಕ ಕುಲ ಬೆನ್ಯಾಮೀನನಿಗೂ ಒಂದೇ ಕಲ್ಲು.

ಇನ್ನೊಂದು ವಿಷಯ ಗಮನಿಸಿ. ಅಷ್ಟು ಚಿನ್ನ, ಅಷ್ಟು ಕಲ್ಲು ಮೈಮೇಲಿದ್ದರೂ ಆರೋನನ ಸ್ವಂತ ಹೆಸರು ಎಲ್ಲೂ ಕೊರೆದಿಲ್ಲ. ಲೇವಿಯ ಹೆಸರು ಅವನ ಕುಲದ್ದು, ಅವನದಲ್ಲ. ಹಣೆಯ ತಗಡಿನ ಮೇಲೆ ಇರುವುದೂ ‘ಯೆಹೋವನಿಗೆ ಪರಿಶುದ್ಧ’ ಎಂಬ ಮಾತು. ಜನ ತಂದ ಕಾಣಿಕೆಯಲ್ಲಿ ಕುಂದು ಇದ್ದರೆ ಅದನ್ನು ಅವನು ಹೊರಬೇಕು, ಜನ ಒಪ್ಪಿಗೆಯಾಗಬೇಕು, ಅದಕ್ಕೆ ಆ ತಗಡು. ಅಂದರೆ ಆ ಉಡುಪಿನಲ್ಲಿ ಇರುವುದು ದೇವರ ಹೆಸರು ಮತ್ತು ಜನರ ಹೆಸರು. ಉಟ್ಟವನದಲ್ಲ.

ಉಡುಪು ಅವನ ಸ್ವತ್ತೂ ಅಲ್ಲ. ಯಾಜಕಕಾಂಡ 8ರಲ್ಲಿ ಆರೋನ ತಾನೇ ಬಟ್ಟೆ ಹಾಕಿಕೊಳ್ಳುವುದಿಲ್ಲ. ಮೋಶೆ ಅವನಿಗೆ ನೀರಿನಿಂದ ಸ್ನಾನ ಮಾಡಿಸಿ, ಒಂದೊಂದಾಗಿ ತೊಡಿಸುತ್ತಾನೆ. ಮುಂದೆ ಅರಣ್ಯಕಾಂಡ 20ರಲ್ಲಿ ಅದೇ ಮೋಶೆ ಹೋರ್ ಬೆಟ್ಟದ ಮೇಲೆ ಅದೇ ಬಟ್ಟೆಯನ್ನು ಆರೋನನ ಮೈಯಿಂದ ತೆಗೆದು ಮಗ ಎಲ್ಲಾಜಾರನಿಗೆ ತೊಡಿಸುತ್ತಾನೆ. ಆರೋನ ಅಲ್ಲೇ ಸಾಯುತ್ತಾನೆ. ನನಗೆ ಇಡೀ ವಿಷಯದಲ್ಲಿ ಮನಸ್ಸಿಗೆ ಹೆಚ್ಚು ತಟ್ಟುವ ಭಾಗ ಇದೇ. 28ನೇ ಅಧ್ಯಾಯ ಓದುವಾಗ ನಿಮ್ಮ ಗುಂಪಿನವರು ಇದನ್ನೂ ಜೊತೆಗಿಟ್ಟು ಓದಿ.

ಈಗ ಬಣ್ಣ ಮತ್ತು ಕಲ್ಲು. ನೀಲಿ ಅಂದರೆ ಸ್ವರ್ಗ, ನೇರಳೆ ಅಂದರೆ ರಾಜತ್ವ, ಕಡುಗೆಂಪು ಅಂದರೆ ರಕ್ತ ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಕೇಳಲು ಚೆನ್ನಾಗಿದೆ. ಆದರೆ ಅಧ್ಯಾಯದಲ್ಲಿ ಹಾಗೆ ಹೇಳಿಲ್ಲ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ತಾನೇ ಯಾಜಕರ ಮನೆತನದವನು. ಅವನು ಇದೇ ಬಟ್ಟೆಗೆ ಬೇರೆಯೇ ಅರ್ಥ ಕೊಟ್ಟಿದ್ದಾನೆ. ನಾರುಮಡಿ ಭೂಮಿ, ನೇರಳೆ ಸಮುದ್ರ, ನೀಲಿ ಗಾಳಿ, ಕೆಂಪು ಬೆಂಕಿ. ನಿಲುವಂಗಿಯ ಅಂಚಿನ ಗಂಟೆಗಳು ಗುಡುಗು, ದಾಳಿಂಬೆಗಳು ಮಿಂಚು. ಆ 12 ಕಲ್ಲುಗಳಲ್ಲಿ ಕೆಲವು ಯಾವ ರತ್ನ ಎಂಬುದರಲ್ಲೇ ಬೈಬಲ್ ಅನುವಾದಗಳಿಗೆ ಒಮ್ಮತ ಇಲ್ಲ. ಹಾಗಿರುವಾಗ ಒಂದೊಂದು ಕಲ್ಲಿಗೂ ಒಂದೊಂದು ಗುಣ ಹಚ್ಚಿ ಪಟ್ಟಿ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆದರೆ ಬಣ್ಣದ ಬಗ್ಗೆ ವಿಮೋಚನಕಾಂಡದ ಒಳಗಿನಿಂದಲೇ ಸಿಗುವ ಒಂದು ಸುಳಿವು ಇದೆ. ನೀಲಿ, ನೇರಳೆ, ಕಡುಗೆಂಪು ನೂಲು ಮತ್ತು ನಯವಾದ ನಾರುಮಡಿ ಗುಡಾರದ ಒಳತೆರೆಗೂ ಹೋಗಿವೆ. ಯಾಜಕ ಆ ಗುಡಾರದ ಒಂದು ತುಂಡನ್ನೇ ಉಟ್ಟು ನಡೆಯುವಂತೆ ಕಾಣುತ್ತಾನೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಇಷ್ಟೆಲ್ಲ ವೈಭವ ಹೇಳಿದ ಮೇಲೆ ಯಾಜಕಕಾಂಡ 16 ತೆಗೆಯಿರಿ. ವರ್ಷಕ್ಕೆ ಒಂದು ಸಲ ದೋಷಪರಿಹಾರದ ದಿನ ಬರುತ್ತದೆ. ಗುಡಾರದ ಒಳತೆರೆಯ ಆಚೆ ಇರುವ ಅತಿ ಪವಿತ್ರ ಸ್ಥಳಕ್ಕೆ ಹೋಗುವ ದಿನ ಅದೊಂದೇ. ಅವತ್ತು ಚಿನ್ನ, ಕಲ್ಲು, ಬಣ್ಣದ ನಿಲುವಂಗಿ ಎಲ್ಲ ಹಾಕಿಕೊಂಡು ಹೋಗಬೇಕಿತ್ತು ಅಲ್ವಾ? ಇಲ್ಲ. ಸ್ನಾನ ಮಾಡಿ ಬರೀ ನಾರಿನ ಅಂಗಿ, ನಾರಿನ ಚಡ್ಡಿ, ನಾರಿನ ನಡುಕಟ್ಟು, ನಾರಿನ ಮುಂಡಾಸು. ಅಷ್ಟೇ. ಜನರ ಪಾಪಕ್ಕಾಗಿ ದೇವರ ಹತ್ತಿರ ಹೋಗುವಾಗ ಮಹಾಯಾಜಕ ಸಾದಾ ಬಟ್ಟೆಯವನು.

ಕ್ರೈಸ್ತರಿಗೆ ಇಲ್ಲಿ ಯೇಸುವಿನ ನೆನಪು ಬರುವುದು ಸಹಜ. ಯೋಹಾನ 13ರಲ್ಲಿ ಆತ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಯೇಸು ಏಫೋದು ತೊಟ್ಟವನಲ್ಲ. ಆತ ಯೂದ ಕುಲದವನು, ಆ ಕುಲಕ್ಕೆ ಯಾಜಕತ್ವವೇ ಇರಲಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಒಪ್ಪಿಕೊಂಡೇ ಆತನನ್ನು ಮಹಾಯಾಜಕ ಎನ್ನುತ್ತದೆ. ವಿಚಿತ್ರ ಎಂದರೆ ಆ ಪತ್ರಿಕೆ ಗುಡಾರದ ದೀಪಸ್ತಂಭ, ಮೇಜು, ಮಂಜೂಷ ಎಲ್ಲ ಎಣಿಸುತ್ತದೆ, ಬಟ್ಟೆಯ ಸುದ್ದಿಗೇ ಹೋಗುವುದಿಲ್ಲ. ಅದು ಹಿಡಿಯುವುದು ಕೆಲಸವನ್ನು. ತನ್ನ ಮೂಲಕ ದೇವರ ಬಳಿಗೆ ಬರುವವರಿಗಾಗಿ ಬೇಡುವುದಕ್ಕೆ ಯೇಸು ಸದಾ ಬದುಕಿದ್ದಾನೆ ಎನ್ನುತ್ತದೆ ಅದು. ಎದೆಪದಕದ ಕೆಲಸ ಅದೇ ತಾನೇ?

ಹಾಗಾದರೆ ನಮಗೆ? ಒಂದನೇ ಪೇತ್ರ 2:9 ವಿಶ್ವಾಸಿಗಳೆಲ್ಲರನ್ನೂ ಯಾಜಕರೆಂದು ಕರೆಯುತ್ತದೆ. ದೀಕ್ಷಾಸ್ನಾನ ಆದವರು ಕ್ರಿಸ್ತನನ್ನೇ ಧರಿಸಿಕೊಂಡಿದ್ದಾರೆ ಎಂದು ಪೌಲ ಗಲಾತ್ಯದವರಿಗೆ ಬರೆಯುತ್ತಾನೆ. ಕೊಲೊಸ್ಸೆಯವರಿಗೆ ಕನಿಕರ, ದಯೆ, ದೀನತೆ, ತಾಳ್ಮೆ ಉಟ್ಟುಕೊಳ್ಳಿ, ಅವೆಲ್ಲದರ ಮೇಲೆ ಪ್ರೀತಿ ಎನ್ನುತ್ತಾನೆ. ಮೊದಲು ಸ್ನಾನ, ಆಮೇಲೆ ಬಟ್ಟೆ, ಅದನ್ನೂ ತೊಡಿಸುವವರು ಬೇರೆಯವರು. ಯಾಜಕಕಾಂಡ 8ರ ಕ್ರಮವೂ ಹೀಗೇ ಇತ್ತು. ನಿಮ್ಮ ಹೆಂಡತಿಯ ತವರಿನಲ್ಲಿ ಮಗುವಿಗೆ ದೀಕ್ಷಾಸ್ನಾನ ಆದ ಮೇಲೆ ಬಿಳಿ ವಸ್ತ್ರ ಹಾಕುವುದನ್ನು ನೋಡಿರುತ್ತೀರಿ.

ಫಾದರ್ ಹಾಕುವ ಬಟ್ಟೆ ಆರೋನನ ಬಟ್ಟೆಯ ಮುಂದುವರಿಕೆ ಅಂತ ಹಲವರು ತಿಳಿದಿದ್ದಾರೆ. ಬಲಿಪೂಜೆಯ ಬಿಳಿ ನಿಲುವಂಗಿ ಮತ್ತು ಅದರ ಮೇಲಿನ ಬಣ್ಣದ ವಸ್ತ್ರ ಬಂದದ್ದು ಹಳೆಯ ರೋಮನ್ನರ ದಿನಬಳಕೆಯ ಉಡುಪಿನಿಂದ. ಊರಿನವರ ಫ್ಯಾಷನ್ ಬದಲಾಯಿತು, ಚರ್ಚು ಹಳೆಯದನ್ನೇ ಇಟ್ಟುಕೊಂಡಿತು. ಅರ್ಥಗಳು ಆಮೇಲೆ ಕೂಡಿದವು. ಮೇಲಿನ ವಸ್ತ್ರ ತೊಡುವಾಗ ಹೇಳುವ ಹಳೆಯ ಪ್ರಾರ್ಥನೆಯಲ್ಲಿ ಅದು ಕ್ರಿಸ್ತನ ಹಗುರವಾದ ನೊಗ. ಬಣ್ಣಗಳಿಗೆ ಇಲ್ಲಿ ಅರ್ಥ ನಿಗದಿಯಾಗಿದೆ. ಕ್ರಿಸ್ಮಸ್, ಈಸ್ಟರಿಗೆ ಬಿಳಿ. ತಪಸ್ಸು ಕಾಲಕ್ಕೂ ಆಗಮನ ಕಾಲಕ್ಕೂ ನೇರಳೆ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಮತ್ತು ಹುತಾತ್ಮರ ಹಬ್ಬಕ್ಕೆ ಕೆಂಪು. ಉಳಿದ ಸಾಧಾರಣ ದಿನಗಳಿಗೆ ಹಸಿರು.

ಈ ಉಡುಪು ಕಲ್ಲಿನಲ್ಲಿ ಕೊರೆದಂತೆ ಇದ್ದದ್ದೂ ಅಲ್ಲ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಮೈಸೂರು ಸೀಮೆಯಲ್ಲಿ ಇಲ್ಲಿನವರ ಹಾಗೇ ಉಟ್ಟು ಓಡಾಡಿದವರು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ನಿಮ್ಮ ಹಾಸನ ಜಿಲ್ಲೆಯೂ ಅದಕ್ಕೇ ಸೇರಿದೆ. ಅದಾಗಿ ಆರು ವರ್ಷಕ್ಕೆ, 1969ರಲ್ಲಿ, ಭಾರತದ ಪೂಜೆಗೆ ರೋಮ್ 12 ಬದಲಾವಣೆಗಳನ್ನು ಒಪ್ಪಿತು. ಚಪ್ಪಲಿ ಬಿಡುವುದು, ಕೈಮುಗಿಯುವುದು, ಎಣ್ಣೆ ದೀಪ, ಆರತಿ ಇವೆಲ್ಲ ಅದರಲ್ಲಿವೆ. ರೋಮನ್ ಶೈಲಿಯ ವಸ್ತ್ರಗಳ ಬದಲು ಸಾದಾ ನಿಲುವಂಗಿ ಮತ್ತು ಅಂಗವಸ್ತ್ರ ಹಾಕಬಹುದು ಎಂಬುದೂ ಇದೆ.

ನಿಮ್ಮ ಪಾಸ್ಟರ್ ಪ್ಯಾಂಟು ಶರ್ಟಿನಲ್ಲಿ ನಿಂತರೆ ಏನೂ ಕಮ್ಮಿ ಆಗುವುದಿಲ್ಲ. ಸಭೆ ನಡೆಸುವವರಿಗೆ ಹೊಸ ಒಡಂಬಡಿಕೆ ಸಮವಸ್ತ್ರ ಕೊಟ್ಟಿಲ್ಲ. ಆದರೆ ನಿಲುವಂಗಿ ಬಿಟ್ಟ ಮಾತ್ರಕ್ಕೆ ಠೀವಿ ಬಿಟ್ಟುಹೋಗುತ್ತದೆ ಅಂತಲೂ ಇಲ್ಲ. ದುಬಾರಿ ಕೋಟು ಕೂಡ ಉಟ್ಟವನ ಹೆಸರನ್ನೇ ಕೂಗಿ ಹೇಳಬಹುದು. ಫಾದರ್ ಇರಲಿ, ಪಾಸ್ಟರ್ ಇರಲಿ, ನಾನು ಕೇಳುವ ಪ್ರಶ್ನೆ ಒಂದೇ. ಸಕಲೇಶಪುರದ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಜ್ವರದಿಂದ ಮಲಗಿದವರ ಹೆಸರು ಈ ಮನುಷ್ಯನಿಗೆ ಗೊತ್ತಾ? ಅದೇ ಪ್ರಶ್ನೆ ನಿಮ್ಮ ಬೈಬಲ್ ಗುಂಪಿಗೂ ಸಲ್ಲುತ್ತದೆ, ಯಾಕೆಂದರೆ ಪೇತ್ರನ ಪ್ರಕಾರ ನೀವೂ ಯಾಜಕರೇ. ಪ್ರಾರ್ಥನೆಯಲ್ಲಿ ‘ಎಲ್ಲರನ್ನೂ ಆಶೀರ್ವದಿಸು’ ಎಂದು ಮುಗಿಸುವ ಬದಲು ಒಬ್ಬೊಬ್ಬರ ಹೆಸರು ಹೇಳಿ ಬೇಡಿ ನೋಡಿ.

ಕೊನೆಗೆ ಹಗ್ಗ. ಒಳಗೆ ಯಾಜಕ ಸತ್ತರೆ ಗಂಟೆ ಸದ್ದು ನಿಲ್ಲುತ್ತದೆ, ಆಗ ಹೊರಗಿನವರು ಹಗ್ಗ ಹಿಡಿದು ಹೆಣ ಎಳೆಯುತ್ತಿದ್ದರು ಎಂಬುದು ಕಥೆ. ಬೈಬಲಿನಲ್ಲಿ ಎಲ್ಲೂ ಇಲ್ಲ. ಅಂಥ ಮಾತು ಕಾಣುವುದು ಮಧ್ಯಯುಗದ ಯೆಹೂದಿ ಗ್ರಂಥ ಜೋಹರ್‌ನಲ್ಲಿ, ಅಂದರೆ ದೇವಾಲಯ ನಾಶವಾಗಿ ಸಾವಿರಕ್ಕೂ ಹೆಚ್ಚು ವರ್ಷ ಆದ ಮೇಲೆ. ಗಂಟೆಗಳು ಮಾತ್ರ ನಿಜ. ನೀಲಿ ನಿಲುವಂಗಿಯ ಅಂಚಿನಲ್ಲಿ ದಾಳಿಂಬೆಗಳ ನಡುವೆ ಚಿನ್ನದ ಗಂಟೆ ಇದ್ದವು, ಯಾಜಕ ಒಳಹೋಗುವಾಗ ಹೊರಬರುವಾಗ ಅವುಗಳ ಸದ್ದು ಕೇಳಬೇಕಿತ್ತು. ಆದರೆ ಅತಿ ಪವಿತ್ರ ಸ್ಥಳಕ್ಕೆ ಹೋಗುವ ಆ ಒಂದು ದಿನ ಅವನು ಹಾಕುತ್ತಿದ್ದದ್ದು ನಾರುಮಡಿ ಅಂತ ಆಗಲೇ ನೋಡಿದೆವು. ಅಲ್ಲಿಗೆ ಹೋಗುವಾಗ ಗಂಟೆಯ ನಿಲುವಂಗಿ ಅವನ ಮೈಮೇಲೆ ಇರಲೇ ಇಲ್ಲ. ಇನ್ನು ಸದ್ದು ನಿಲ್ಲುವುದೆಲ್ಲಿ ಬಂತು?