ಎಲ್ಲ ಮಕ್ಕಳೂ ಒಟ್ಟಿಗೆ ಆಡಬಲ್ಲ ಪುಸ್ತಕ

ಪುಟ್ಟ ಮಕ್ಕಳಿಗೆ ಕಥೆ ಹೇಳಲು ಹೊರಟವರು ನನ್ನನ್ನು ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ಮಕ್ಕಳು ಸುಮ್ನೆ ಕೂರದೆ ಏನಾದರೂ ಮಾಡುವಂಥ ಚಿತ್ರಪುಸ್ತಕ ಯಾವುದಿದೆ?" ಅಷ್ಟರಲ್ಲಿ ಅವರೇ ಒಂದನ್ನು ಆರಿಸಿಕೊಂಡಿರುತ್ತಾರೆ. ಚಿತ್ರದ ಮೇಲೆ ಅಂಟಿಸಿದ ಕಾಗದದ ಮುಚ್ಚಳ ಎತ್ತಿ ನೋಡುವುದು, ಪಟ್ಟಿ ಎಳೆಯುವುದು, ಗುಂಡಿ ಒತ್ತಿದರೆ ಸದ್ದು ಮಾಡುವುದು, ಇಂಥದ್ದು ಯಾವುದಾದರೂ. ನಾನು ಮೊದಲು ಕೇಳುವುದು ಬೇರೆ. ಮಗು ನಿಮ್ಮ ತೊಡೆಯ ಮೇಲಿರುತ್ತದೋ, ಅಥವಾ ಹತ್ತು ಹನ್ನೆರಡು ಮಕ್ಕಳು ಎದುರಿಗೆ ಕೂತಿರುತ್ತಾರೋ? ಪುಸ್ತಕದ ಆಯ್ಕೆ ಅಲ್ಲಿಂದಲೇ ಕವಲೊಡೆಯುತ್ತದೆ.

ತೊಡೆಯ ಮೇಲೆ ಒಂದೇ ಮಗು ಇದ್ದರೆ ಮುಚ್ಚಳದ ಪುಸ್ತಕ ಬಹಳ ಚೆನ್ನಾಗಿರುತ್ತದೆ. ಗುಂಪಿನಲ್ಲಿ ಅದೇ ಪುಸ್ತಕ ತೆರೆದು ನೋಡಿ. ಒಂದು ಮಗು ಎದ್ದು ಬಂದು ಮುಚ್ಚಳ ಎತ್ತುತ್ತದೆ. ಉಳಿದವರಿಗೂ ಎತ್ತಬೇಕು. ಎರಡು ವರ್ಷದ ಮಗುವಿಗೆ ಸರದಿ ಕಾಯುವುದು ಇನ್ನೂ ಬಂದಿರುವುದಿಲ್ಲ, ಅದನ್ನು ಬೈದು ಪ್ರಯೋಜನವೂ ಇಲ್ಲ. ಕಥೆ ಅಲ್ಲೇ ನಿಲ್ಲುತ್ತದೆ, ಮುಚ್ಚಳ ಹರಿಯುತ್ತದೆ, ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ಆಟ ಆಡಿದ್ದು ಒಂದೇ ಮಗು, ಅಲ್ವಾ?

ಹಾಗಾಗಿ ಗುಂಪಿಗೆ ನಾನು ಆರಿಸುವುದು ದನಿಯನ್ನೂ ಮೈಯನ್ನೂ ಕರೆಯುವ ಪುಸ್ತಕ. ಎರಡು ಪುಟಕ್ಕೊಮ್ಮೆ ತಿರುಗಿ ಬರುವ ಒಂದು ಸಾಲು. ಪ್ರಾಣಿಯ ಕೂಗು. ಚಪ್ಪಾಳೆ, ಕುಣಿತ, ಮುಖ ಮುಚ್ಚಿಕೊಳ್ಳುವುದು, ಮೂಗು ಮುಟ್ಟಿಕೊಳ್ಳುವುದು. ಇದನ್ನೆಲ್ಲ ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಮಾಡಬಹುದು, ಯಾರೂ ಕಾಯಬೇಕಿಲ್ಲ. ಇನ್ನೂ ಮಾತು ಬಾರದ ಕೂಸಿನ ಕೈ ಹಿಡಿದು ಅದರ ಅಮ್ಮನೋ ಅಪ್ಪನೋ ಚಪ್ಪಾಳೆ ತಟ್ಟಿಸುತ್ತಾರೆ.

ಪುಸ್ತಕ ಒಪ್ಪುವ ಮೊದಲು ಅದನ್ನು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಓದಿ. ಆಮೇಲೆ ಬೇರೆ ಯಾರ ಕೈಗಾದರೂ ಕೊಟ್ಟು, ಕೋಣೆಯ ಹಿಂಬದಿಯಿಂದ ಚಿತ್ರ ನೋಡಿ. ಪುಟದಲ್ಲಿ ಏನಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗದಿದ್ದರೆ, ಚಿತ್ರ ಎಷ್ಟೇ ಅಂದವಾಗಿದ್ದರೂ ಅದು ತೊಡೆಯ ಮೇಲಿನ ಪುಸ್ತಕ. ಆಟ ಹೇಗೆ ಆಡಬೇಕೆಂದು ಮಕ್ಕಳಿಗೆ ವಿವರಿಸಬೇಕಾಗಿ ಬಂದರೂ ನಾನು ಆ ಪುಸ್ತಕವನ್ನು ವಾಪಸ್ ಇಡುತ್ತೇನೆ.

ಮುಚ್ಚಳವೇ ಬೇಡ ಎನ್ನುತ್ತಿಲ್ಲ. ಪುಟಕ್ಕೊಂದೇ, ಅದೂ ದೊಡ್ಡದಾಗಿದ್ದರೆ ಗುಂಪಿನಲ್ಲೂ ನಡೆಯುತ್ತದೆ. ಎತ್ತುವುದು ದೊಡ್ಡವರ ಕೆಲಸ, "ಯಾರಿದ್ದಾರೆ?" ಎಂದು ಕೂಗುವುದು ಮಕ್ಕಳ ಕೆಲಸ. ನಿಜ ಹೇಳಬೇಕೆಂದರೆ ಪುಟ ತಿರುವುವುದೇ ಎಲ್ಲಕ್ಕಿಂತ ಗಟ್ಟಿಯಾದ ಮುಚ್ಚಳ. ಬಲಪುಟದ ಕೊನೆಯಲ್ಲಿ ಒಂದು ಪ್ರಶ್ನೆ, ತಿರುವಿದರೆ ಉತ್ತರ. ಸುಮಾರು ಎಂಟು ತಿಂಗಳ ಹೊತ್ತಿಗೆ ಮಕ್ಕಳು ಬಟ್ಟೆಯಡಿ ಬಚ್ಚಿಟ್ಟ ವಸ್ತುವನ್ನು ಹುಡುಕತೊಡಗುತ್ತವೆ. ಕಾಣದಿದ್ದರೂ ಅದು ಅಲ್ಲೇ ಇದೆ ಎಂಬುದು ಅವಕ್ಕೆ ತಿಳಿಯುತ್ತಾ ಬರುತ್ತದೆ. ಕಣ್ಣಾಮುಚ್ಚಾಲೆಯ ಪುಸ್ತಕಗಳಿಗೆ ಈ ವಯಸ್ಸಿನವರು ಅಷ್ಟು ಕೇಕೆ ಹಾಕುವುದು ಅದಕ್ಕೇ.

ಅದಕ್ಕಿಂತ ಎಳೆಯ ಕೂಸುಗಳ ಮಾತು ಬೇರೆ. ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿಗೆ ತಕ್ಕಮಟ್ಟಿಗೆ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ. ಕಪ್ಪು ಬಿಳುಪಿನಂಥ ಎದ್ದು ಕಾಣುವ ಗೆರೆಗಳು ಅದಕ್ಕೆ ಹಿಡಿಸುತ್ತವೆ. ಕಥೆ ಹೇಳುವವರ ಕೈಯಲ್ಲಿನ ಪುಸ್ತಕ ಅದಕ್ಕೆ ಬಲು ದೂರ. ಅದಕ್ಕೇ ಒಂದೇ ಪುಸ್ತಕದ ಹಲವು ಪ್ರತಿ ಇಟ್ಟುಕೊಂಡು, ಕೂಸು ಎತ್ತಿಕೊಂಡವರಿಗೆ ಒಂದೊಂದು ಕೊಡುವುದು ಒಳ್ಳೆಯದು. ಗಟ್ಟಿ ರಟ್ಟಿನದ್ದೇ ಇರಲಿ, ಏಕೆಂದರೆ ಅದು ಬಾಯಿಗೆ ಹೋಗೇ ಹೋಗುತ್ತದೆ.

ಪುಸ್ತಕ ಚೀಪುವ, ಚಿತ್ರವನ್ನು ಪರಚುವ ಮಗುವನ್ನು ಕಂಡು ಕೆಲವರು ಮುಜುಗರಪಡುತ್ತಾರೆ. ಪಡಬೇಡಿ. ಮನೋವಿಜ್ಞಾನಿ ಜೂಡಿ ಡಿಲೋಶ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಮಕ್ಕಳು ಪುಟದ ಮೇಲಿನ ವಸ್ತುವನ್ನು ಕೈಯಿಂದ ಎತ್ತಿಕೊಳ್ಳಲು ನೋಡಿದವು. ಹತ್ತೊಂಬತ್ತು ತಿಂಗಳ ಹೊತ್ತಿಗೆ ಅದು ಬಹುಮಟ್ಟಿಗೆ ಹೋಗಿ, ಬೆರಳು ಮಾಡಿ ತೋರಿಸುವುದು ಬಂದಿತ್ತು. ಚಿತ್ರ ಎಂದರೇನು ಎಂದು ಮಗು ಕೈಯಿಂದಲೇ ವಿಚಾರಿಸುತ್ತಿದೆ, ಅಷ್ಟೆ.

ಪುಟ ತೆರೆದರೆ ಚಿತ್ರ ಎದ್ದು ನಿಲ್ಲುವ ಪಾಪ್-ಅಪ್ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಡಿಲೋಶ್ ಅವರೂ ಇದ್ದ ತಂಡವೊಂದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯುವ ಎತ್ತುವ ಭಾಗಗಳಿದ್ದ ಪುಸ್ತಕ ನೋಡಿದ ಮಕ್ಕಳು ಹೊಸ ಪ್ರಾಣಿಗಳ ಹೆಸರನ್ನು ಕಡಿಮೆ ಕಲಿತರು. ಅದೇ ಪ್ರಾಣಿಗಳ ಸರಳ ಫೋಟೋ ಇದ್ದ ಪುಸ್ತಕ ನೋಡಿದವರು ಹೆಚ್ಚು ಕಲಿತರು. ಆಟದ ಭಾಗವೇ ಗಮನವನ್ನೆಲ್ಲ ಎಳೆದುಕೊಂಡುಬಿಟ್ಟರೆ ಹೀಗಾಗುತ್ತದೆ. ಆದ್ದರಿಂದ ಕೈಗೆ ಸಿಗುವ ಭಾಗ ಕಥೆಯ ಕೆಲಸವನ್ನೇ ಮಾಡುತ್ತಿದೆಯೇ ನೋಡಿ. ಕರಡಿ ಬಾಗಿಲು ತೆರೆಯುವಾಗಲೇ ಮುಚ್ಚಳವೂ ತೆರೆದರೆ ಸರಿ. ಬರೀ ಬೆರಗಿಗೆಂದು ಏನೋ ಹಾರಿ ಬರುವಂತಿದ್ದರೆ ಬೇಡ.

ಸದ್ದು ಮಾಡುವ ಪುಸ್ತಕಗಳಲ್ಲಿ ನನಗಿರುವ ದೊಡ್ಡ ಆತಂಕ ಬ್ಯಾಟರಿಯದ್ದು. ಗುಂಡಿಯಾಕಾರದ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟಂತಾಗಬಹುದು. ಬ್ಯಾಟರಿ ಇರುವ ಜಾಗದ ಮುಚ್ಚಳ ಸ್ಕ್ರೂನಿಂದ ಬಿಗಿಯಾಗಿರಬೇಕು. ಅನುಮಾನವಿದ್ದರೆ ಆ ಪುಸ್ತಕ ತರಲೇಬೇಡಿ. ಮುಟ್ಟಿ ನೋಡುವ ಪುಸ್ತಕದಲ್ಲಿ ಅಂಟಿಸಿದ ಮಣಿ, ಕಣ್ಣು, ಎಳೆದರೆ ಕಿತ್ತುಬರುವ ತುಪ್ಪಳ ಇದ್ದರೂ ಅಷ್ಟೇ ಎಚ್ಚರ ಬೇಕು.

ಒಂದೂವರೆ ಎರಡು ವರ್ಷ ದಾಟಿದ ಮಕ್ಕಳಿಗೆ ಮಾತಾಡಲು ಎಡೆ ಇರುವ ಪುಸ್ತಕ ಹುಡುಕಿ. ಪುಟಕ್ಕೆ ಒಂದೆರಡು ಸಾಲು ಸಾಕು, ಕೆಲವು ಪುಟಗಳಲ್ಲಿ ಮಾತೇ ಇಲ್ಲದಿದ್ದರೆ ಇನ್ನೂ ಚೆನ್ನ. ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರ 1988ರ ಪ್ರಯೋಗ ನನಗೆ ಇಂದಿಗೂ ದಾರಿ ತೋರಿಸುತ್ತದೆ. ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆ ತಾಯಿಗಳಿಗೆ ಅವರು ಓದುವ ಬಗೆಯನ್ನಷ್ಟೇ ಬದಲಿಸಲು ಹೇಳಿದರು. "ಇದು ನಾಯಿನಾ?" ಎನ್ನುವ ಬದಲು "ಇಲ್ಲಿ ಏನಾಗ್ತಿದೆ?" ಎಂದು ಕೇಳುವುದು, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ ಹೇಳುವುದು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಮುಂದೆ ಹೋಗಿತ್ತು. ಕೇಳಿದ ಮೇಲೆ ಕಾಯುವುದೂ ಮುಖ್ಯ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದೊಡ್ಡವರಿಗೆ ಆ ಮೌನ ಉದ್ದ ಅನಿಸುತ್ತದೆ, ಮಗುವಿಗೆ ಅಷ್ಟು ಹೊತ್ತು ಬೇಕು.

ಪ್ರತಿ ಸಲ ಹೊಸ ಪುಸ್ತಕ ಬೇಕೆಂದೂ ಇಲ್ಲ. ಹೋದ ವಾರದ್ದನ್ನೇ ಮತ್ತೆ ಓದಿ. ತಿರುಗಿ ಬರುವ ಸಾಲನ್ನು ಮಕ್ಕಳು ನಿಮಗಿಂತ ಮೊದಲೇ ಹೇಳತೊಡಗುವುದು ಆಗಲೇ. ಒಂದು ಹಳೆಯದು, ಒಂದು ಹೊಸದು, ನಡುವೆ ಒಂದು ಹಾಡು. ಅಷ್ಟಕ್ಕೆ ಪುಟ್ಟವರ ತಾಳ್ಮೆ ಮುಗಿದಿರುತ್ತದೆ. ಮುಚ್ಚಳದ ಮತ್ತು ಮುಟ್ಟಿ ನೋಡುವ ಪುಸ್ತಕಗಳನ್ನು ಆಮೇಲೆ ಚಾಪೆಯ ಮೇಲೆ ಹರಡಿ. ಒಂದೊಂದು ಮಗುವೂ ಮನೆಯವರ ಜೊತೆ ಕೂತು, ತನಗೆ ಬೇಕಾದಷ್ಟು ಸಲ ಎತ್ತಿ ನೋಡಲಿ.