ಮುಂಗಾರಿಗೆ ಮುಂಚಿನ ಕಪ್ಪೆಗಳು: ಮೈಸೂರು–ಮಂಡ್ಯ ಕಡೆಯವರಿಗೆ ಒಂದಿಷ್ಟು ಟಿಪ್ಪಣಿ

ಉಭಯವಾಸಿಗಳ ಪಾಠದಲ್ಲಿ ಮೂರು ಗಣ ಬರುತ್ತವೆ: ಬಾಲವಿಲ್ಲದ ಕಪ್ಪೆ, ಬಾಲವಿರುವ ಸಲಮಾಂಡರ್, ಕಾಲೇ ಇಲ್ಲದ ಸಿಸಿಲಿಯನ್. ಹುಡುಕಲು ಹೊರಟಾಗ ಸಲಮಾಂಡರ್ ಆಸೆ ಬಿಟ್ಟುಬಿಡಿ. ಭಾರತದಲ್ಲಿ ಅದು ಇರುವುದು ಡಾರ್ಜಿಲಿಂಗ್, ಅರುಣಾಚಲ, ಮಣಿಪುರದ ಕಡೆ. ನಮ್ಮ ತೋಟದಲ್ಲಿ ಕಲ್ಲೆತ್ತಿದಾಗ ಸರಕ್ಕನೆ ಜಾರಿಕೊಳ್ಳುವ ಮಿರುಗುವ ಪ್ರಾಣಿ ಸಲಮಾಂಡರ್ ಅಲ್ಲ, ಹಾವುರಾಣಿ. ಮೈಮೇಲೆ ಹುರುಪೆ, ಬೆರಳಲ್ಲಿ ಉಗುರು ಇದೆ; ಸರೀಸೃಪ. ಸಿಸಿಲಿಯನ್ ಬೇಕೆಂದರೆ ಕೊಡಗು, ಮಲೆನಾಡಿನ ಒದ್ದೆ ಮಣ್ಣು ಕೆದಕಬೇಕು. ನಮಗುಳಿದದ್ದು ಕಪ್ಪೆ, ಅದೇನು ಕಮ್ಮಿಯಿಲ್ಲ.

ಹೊರದೇಶದ ಪುಸ್ತಕಗಳು ವಸಂತದ ಆರಂಭದಲ್ಲಿ ಹುಡುಕಿ ಅನ್ನುತ್ತವೆ. ಅದು ಹಿಮ ಬೀಳುವ ನಾಡಿನ ಲೆಕ್ಕ. ಉತ್ತರ ಅಮೆರಿಕದ ಪೂರ್ವದಲ್ಲಿ ಹಿಮ ಕರಗುವ ಹೊತ್ತಿನ ಮೊದಲ ಮಳೆ ರಾತ್ರಿಗಳಲ್ಲಿ ಹಳದಿ ಚುಕ್ಕೆಯ ಸಲಮಾಂಡರ್‌ಗಳು ಗುಂಪಾಗಿ ಹೊರಟು, ಬೇಸಗೆಗೆ ಒಣಗಿಹೋಗುವ ಹೊಂಡಗಳಲ್ಲಿ ಮೊಟ್ಟೆಯಿಡುತ್ತವೆ. ಒಣಗುವ ಹೊಂಡವೇ ಯಾಕೆ? ಅಲ್ಲಿ ಮೊಟ್ಟೆ ತಿನ್ನಲು ಮೀನು ಉಳಿದಿರುವುದಿಲ್ಲ. ನಮ್ಮ ಎಷ್ಟೋ ಕಪ್ಪೆಗಳಿಗೂ ಇದೇ ಲಾಭ. ಆದರೆ ಯುಗಾದಿ ಹೊತ್ತಿಗೆ ನಮ್ಮಲ್ಲಿ ನೆಲ ಕಾದಿರುತ್ತದೆ, ಹೊಂಡಗಳು ಬತ್ತಿರುತ್ತವೆ. ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗಿನ ಅಶ್ವಿನಿ, ಭರಣಿ ಮಳೆಗೆ ಕಾಯಬೇಕು. ಸಂಜೆ ಗುಡುಗಿ ಜೋರಾಗಿ ಸುರಿದು ನಿಂತ ರಾತ್ರಿಯೇ ಸರಿಯಾದ ಸಮಯ.

ಕುಕ್ಕರಹಳ್ಳಿ ಕೆರೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಂಚುಗಳಲ್ಲಿ ನೀರಿನ ಮೇಲೆ ಚಿಮ್ಮಿಕೊಂಡು ಓಡುವ ಯುಫ್ಲಿಕ್ಟಿಸ್ ಕಪ್ಪೆ ಬೇಸಗೆಯಲ್ಲೂ ಸಿಗುತ್ತದೆ. ಅದಕ್ಕೆ ಮಳೆ ಕಾಯಬೇಕಿಲ್ಲ. ಮಳೆಗೆ ಮಾತ್ರ ಮೇಲೆ ಬರುವವನ್ನು ನೋಡಲು ನಾಗಮಂಗಲ ಕಡೆಯ ಮಳೆಯಾಶ್ರಿತ ಹೊಲ, ಚಾಮುಂಡಿ ಬೆಟ್ಟದ ತಪ್ಪಲಿನ ರಸ್ತೆಬದಿಯ ಹಳ್ಳ ಇಂಥವು ವಾಸಿ.

ಟಾರ್ಚ್ ಆರಿಸಿ ಮೊದಲು ಕಿವಿಗೊಡಿ. ಕೂಗುವುದು ಸಾಮಾನ್ಯವಾಗಿ ಗಂಡೇ. ಬಾಚಣಿಗೆ ಹಲ್ಲನ್ನು ಉಗುರಿನಿಂದ ಗೀರಿದಂತೆ ಕೇಳಿಸಿದರೆ ಅದು ಮೈಕ್ರೊಹೈಲಾ, ಹೆಬ್ಬೆರಳ ತುದಿಯಷ್ಟಿರುವ ಕಪ್ಪೆ. ಸದ್ದು ಕೇಳಿ ದೊಡ್ಡದನ್ನು ಹುಡುಕಿದರೆ ಕಾಣುವುದೇ ಇಲ್ಲ. (ಇದರ ಒಂದು ದಾಯಾದಿಗೆ 2000ದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಸರಿಟ್ಟು ಮೈಕ್ರೊಹೈಲಾ ಶೋಲಿಗಾರಿ ಎಂದು ಕರೆದರು. ಒಳ್ಳೆ ಕೆಲಸ.) ಗೂಳಿಗಪ್ಪೆಯ ಗಂಡು ಈ ಕಾಲದಲ್ಲಿ ನಿಂಬೆಹಳದಿಯಾಗಿ, ಗಂಟಲ ಎರಡು ಪಕ್ಕ ನೀಲಿ ಚೀಲ ಉಬ್ಬಿಸುತ್ತದೆ. ಆಮೇಲೆ ಮಾಮೂಲಿ ಹಸಿರು–ಕಂದು.

ಕಪ್ಪೆ ಕೈಗೆ ಸಿಗದಿದ್ದರೂ ಬೆಳಿಗ್ಗೆ ಮೊಟ್ಟೆ ಸಿಗುತ್ತದೆ. ಕಲಿಯಲು ನನ್ನ ಮಟ್ಟಿಗೆ ಇದೇ ಹೆಚ್ಚು ಉಪಯೋಗ. ನೆಲಗಪ್ಪೆಯದು ಲೋಳೆಯ ಉದ್ದ ದಾರ, ಒಳಗೆ ಸಾಲಾಗಿ ಕಪ್ಪು ಕಾಳು, ನೀರಿನ ಗಿಡಗಳಿಗೆ ಸುತ್ತಿಕೊಂಡಿರುತ್ತದೆ. ಮೈಕ್ರೊಹೈಲಾ ಮೊಟ್ಟೆ ನೀರಿನ ಮೇಲೆ ಒಂದೇ ಪದರದಲ್ಲಿ ಹರಡಿ ತೇಲುತ್ತದೆ. ಮರಗಪ್ಪೆ ಪಾಲಿಪಿಡೇಟಸ್ ನೀರಿನಲ್ಲಿ ಮೊಟ್ಟೆಯಿಡುವುದೇ ಇಲ್ಲ: ಹೆಣ್ಣು ಸ್ರವಿಸುವ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆ ಮಾಡಿ, ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ಅಂಟಿಸುತ್ತದೆ. ಹೊರಮೈ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ಕೆಲವು ದಿನಕ್ಕೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ತೊಟ್ಟಿ ತೊಳೆಯುವಾಗ ಯಾರೋ ಕೆಮ್ಮಿ ಉಗಿದದ್ದೆಂದು ಇದನ್ನು ಕೆರೆದು ಬಿಸಾಡುವವರಿದ್ದಾರೆ, ಮನೆಯಲ್ಲಿ ಹೇಳಿಡಿ.

ಬಿಲ ತೋಡುವ ಸ್ಫೆರೋಥೀಕಾ ಕಪ್ಪೆ ಸಿಕ್ಕರೆ ಹಿಂಗಾಲಿನ ಪಾದ ನೋಡಿ: ಒಳಬದಿಯಲ್ಲಿ ಗಟ್ಟಿಯಾದ, ಅಂಚುಳ್ಳ ಗುಬುಟು. ಅದರಿಂದಲೇ ಮಣ್ಣು ತಳ್ಳುತ್ತಾ ಹಿಮ್ಮುಖವಾಗಿ ಇಳಿಯುತ್ತದೆ. ಮುಖ ಕೊನೆಗೆ ಮುಚ್ಚುತ್ತದೆ.

ಹಿಡಿಯದೆ ನೋಡುವುದೇ ಲೇಸು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಸೊಳ್ಳೆ ಕ್ರೀಮು ಹಚ್ಚಿದ ಕೈ ತಾಗಿದರೆ ಅದಕ್ಕೆ ವಿಷ. ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿ ಒತ್ತಿ ಅದೇ ಕೈಯಿಂದ ಕಣ್ಣು ಉಜ್ಜಿದರೆ ಉರಿ ನಿಮಗೆ. ಕಪ್ಪೆ ಇರುವಲ್ಲಿಗೆ ಹಾವೂ ಬರುತ್ತದೆ, ಗಮ್‌ಬೂಟ್ ಇಲ್ಲದೆ ಗದ್ದೆ ಬದುವಿಗೆ ಇಳಿಯಬೇಡಿ.

ನೋಟ್‌ಬುಕ್‌ನಲ್ಲಿ ದಿನಾಂಕ, ಜಾಗ, ಕೂಗು, ಮೊಟ್ಟೆಯ ಆಕಾರ ಬರೆಯುವಾಗ ಪಕ್ಕದಲ್ಲಿ ಯಾವ ಮಳೆ ಎಂದೂ ಬರೆಯಿರಿ. ಹೊಲದ ಹಿರಿಯರನ್ನು ಕೇಳುವಾಗ ಏಪ್ರಿಲ್ 28 ಅಂದರೆ ಏನೂ ಸಿಗುವುದಿಲ್ಲ. 'ಭರಣಿ ಮಳೆಗೆ ಕಪ್ಪೆ ಕೂಗಿತ್ತಾ ಅಜ್ಜ?' ಅನ್ನಿ, ಹಳೇ ವರ್ಷಗಳದ್ದೂ ಹೇಳುತ್ತಾರೆ.