ತೆರೆಯದ ಬೆಳ್ಳಕ್ಕಿಗಳು

ಹೋದ ವರ್ಷ ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡ. ಮೊದಲ ಭಾನುವಾರವೇ ರಂಗನತಿಟ್ಟಿಗೆ ಹೋಗಿ, ದೋಣಿಯಲ್ಲಿ ಕೂತು ಬೆಳ್ಳಕ್ಕಿಗಳ ನಾನೂರು ಫೋಟೊ ಹೊಡೆದುಕೊಂಡು ಬಂದ. ಸಂಜೆ ನಮ್ಮ ಮನೆಗೆ ಬಂದವನೇ ಕಾರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದ. ಒಂದು ಫೋಟೊನೂ ತೆರೆಯಲಿಲ್ಲ. ಫೈಲುಗಳ ಹೆಸರು ಸಾಲಾಗಿ ಕಾಣುತ್ತಿವೆ. ಯಾವುದನ್ನು ಒತ್ತಿದರೂ ಈ ಬಗೆಯ ಫೈಲ್ ಗೊತ್ತಿಲ್ಲ ಅನ್ನುವ ಅದೇ ಸಂದೇಶ.

"ಅಕ್ಕಾ, ಇದನ್ನ ಗುಜರಿಗೆ ಹಾಕು. ಹತ್ತು ವರ್ಷದ ಸಾಫ್ಟ್‌ವೇರ್ ಇಟ್ಕೊಂಡು ಕೂತಿದ್ದೀಯಲ್ಲ!"

ನನ್ನ ಫೋಟೊ ತಿದ್ದುವ ಸಾಫ್ಟ್‌ವೇರ್ ಹಳೆಯದು ನಿಜ. ಒಂದೇ ಸಲ ದುಡ್ಡು ಕೊಟ್ಟು ಕೊಂಡಿದ್ದು. ಸಾಫ್ಟ್‌ವೇರಿಗೂ ಮನೆ ಬಾಡಿಗೆಯ ಹಾಗೆ ತಿಂಗಳು ತಿಂಗಳು ಕಟ್ಟುವುದು ನನಗೆ ಯಾಕೋ ಒಗ್ಗಲಿಲ್ಲ. ಆದರೆ ತಮ್ಮ ಒಂದು ತಪ್ಪು ತಿಳಿದುಕೊಂಡಿದ್ದ. ಹೊಸ ಫೋಟೊ ತೆರೆಯುವ ಶಕ್ತಿ ಹಳೇ ಸಾಫ್ಟ್‌ವೇರಿಗೆ ಇಲ್ಲ ಅಂತ. ಶಕ್ತಿ ಇತ್ತು. ಗೊತ್ತಿಲ್ಲದೆ ಇದ್ದದ್ದು ಒಂದು ಹಿಡಿಯಷ್ಟು ಸಂಖ್ಯೆಗಳು, ಅಷ್ಟೆ.

ಅವನ ಕ್ಯಾಮೆರಾ ರಾ ಫೈಲುಗಳನ್ನು ಬರೆದಿತ್ತು. ರಾ ಅಂದರೆ ಹಸಿ. ಅದಿನ್ನೂ ಫೋಟೊ ಆಗಿಲ್ಲ. "ಕ್ಯಾಮೆರಾ ಪರದೆ ಮೇಲೆ ಚೆನ್ನಾಗೇ ಕಾಣ್ತಿದೆಯಲ್ಲ?" ಅಂತ ತಮ್ಮ ತೋರಿಸಿದ. ಅದು ರಾ ಅಲ್ಲ. ಕ್ಯಾಮೆರಾ ಪ್ರತಿ ರಾ ಫೈಲಿನ ಒಳಗೂ ಒಂದು ಚಿಕ್ಕ ಜೆಪೆಗ್ ಚಿತ್ರವನ್ನು, ಅಂದರೆ ಆಗಲೇ ಬೇಯಿಸಿದ ಮಾಮೂಲಿ ಫೋಟೊವನ್ನು, ಮಡಚಿ ಇಟ್ಟಿರುತ್ತದೆ. ಪರದೆಯ ಮೇಲೆ ಬರುವುದು ಆ ಚಿತ್ರ. ಬೆಳಕು ಜಾಸ್ತಿಯಾಯಿತೋ ಕಡಿಮೆಯಾಯಿತೋ ಅಂತ ತೋರಿಸುವ ಗ್ರಾಫು ಕೂಡ ಸಾಮಾನ್ಯವಾಗಿ ಅದರದ್ದೇ. ಹಾಗಾಗಿ ಕ್ಯಾಮೆರಾ "ಬಿಳಿ ಸುಟ್ಟುಹೋಯಿತು" ಅಂತ ಮಿನುಗಿಸಿದರೆ ಪೂರ್ತಿ ನಂಬಬೇಕಾಗಿಲ್ಲ.

ರಾ ಫೈಲಿನ ಒಳಗಿರುವುದು ಬರೀ ಲೆಕ್ಕ. ಕ್ಯಾಮೆರಾದ ಸೆನ್ಸರ್ ಮೇಲೆ ಲಕ್ಷಾಂತರ ಪುಟ್ಟ ಗೂಡುಗಳಿವೆ. ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಅನ್ನುವುದಕ್ಕೆ ಪ್ರತಿ ಗೂಡೂ ಒಂದು ಸಂಖ್ಯೆ ಕೊಡುತ್ತದೆ. 12 ಬಿಟ್ಟಿನ ಕ್ಯಾಮೆರಾ ಆದರೆ 0ಯಿಂದ 4095ರ ತನಕ, 14 ಬಿಟ್ ಆದರೆ 16383ರ ತನಕ. ಬಣ್ಣ ಮಾತ್ರ ಈ ಗೂಡುಗಳಿಗೆ ಕಾಣುವುದೇ ಇಲ್ಲ.

ಬಣ್ಣ ಬರುವುದು ಒಂದು ಉಪಾಯದಿಂದ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ಪ್ರತಿ ಗೂಡಿನ ಮೇಲೂ ಒಂದು ಬಣ್ಣದ ಗಾಜಿನಂಥ ಪರದೆ ಕೂರಿಸುವುದು. ನಾಲ್ಕು ಗೂಡುಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಹಸಿರಿಗೆ ಎರಡು ಪಾಲು ಯಾಕೆಂದರೆ ನಮ್ಮ ಕಣ್ಣು ಸಣ್ಣ ವಿವರಗಳನ್ನು ಹೆಚ್ಚಾಗಿ ಹಿಡಿಯುವುದು ಆ ಭಾಗದ ಬೆಳಕಿನಲ್ಲಿ. ಐವತ್ತು ವರ್ಷ ಆಗುತ್ತಾ ಬಂತು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಅದೇ ಚೌಕಳಿ.

ಇದರ ಅರ್ಥ ಸ್ವಲ್ಪ ತಮಾಷೆಯಾಗಿದೆ. 24 ಮೆಗಾಪಿಕ್ಸೆಲ್ ಅಂತ ದುಡ್ಡು ಕೊಟ್ಟು ತಂದ ಕ್ಯಾಮೆರಾದಲ್ಲಿ ಕೆಂಪನ್ನು ನೋಡಿದ ಗೂಡುಗಳು 60 ಲಕ್ಷ, ನೀಲಿಯದ್ದೂ 60 ಲಕ್ಷ, ಹಸಿರಿನದ್ದು 1 ಕೋಟಿ 20 ಲಕ್ಷ. ಆದರೆ ಫೋಟೊದ ಪ್ರತಿ ಚುಕ್ಕಿಗೂ ಮೂರು ಬಣ್ಣದ ಸಂಖ್ಯೆ ಬೇಕು. ಒಂದು ಮಾತ್ರ ಅಳೆದದ್ದು. ಉಳಿದ ಎರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಗೂಡುಗಳನ್ನು ವಿಚಾರಿಸಿ ತುಂಬುತ್ತದೆ. ನಾವು ಇದ್ದದ್ದು ಇದ್ದ ಹಾಗೆ ಅಂತ ನಂಬುವ ಬಣ್ಣದ ಫೋಟೊದಲ್ಲಿ ಮೂರರಲ್ಲಿ ಎರಡು ಪಾಲು ಊಹೆ!

ಊಹೆ ಅಂದ ಮೇಲೆ ಒಳ್ಳೆ ಊಹೆ, ಕೆಟ್ಟ ಊಹೆ ಇರುತ್ತದಲ್ವಾ. ಸುಮ್ನೆ ಪಕ್ಕದ ಎರಡು ಗೂಡುಗಳ ಸರಾಸರಿ ತೆಗೆದರೆ ಆಕಾಶಕ್ಕೆ, ಗೋಡೆಗೆ ಸಾಕು. ಇಳಕಲ್ ಸೀರೆಯ ಸಣ್ಣ ಚೌಕಳಿ ಬಂದಾಗ ಅದು ಎಡವುತ್ತದೆ. ಸೀರೆಯ ಎಳೆ ಮತ್ತು ಸೆನ್ಸರಿನ ಚೌಕಳಿ ಒಂದರ ಮೇಲೊಂದು ಬಿದ್ದು, ಇಲ್ಲದ ಹಸಿರು, ನೇರಳೆ ಅಲೆಗಳು ಸೆರಗಿನ ಮೇಲೆ ಹರಿದಾಡುತ್ತವೆ. ಮದುವೆ ಫೋಟೊ ತೆಗೆಯುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಅಂಚು ಯಾವ ದಿಕ್ಕಿಗೆ ಓಡುತ್ತಿದೆ ಅಂತ ಮೊದಲು ನೋಡಿಕೊಂಡು, ಆಮೇಲೆ ಆ ದಿಕ್ಕಿನ ನೆಂಟರನ್ನಷ್ಟೇ ವಿಚಾರಿಸುವ ಜಾಣ ವಿಧಾನಗಳು ಇವೆ. ಹಳೇ ಸಾಫ್ಟ್‌ವೇರಿಗೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಈ ಊಹೆಯ ಜಾಣತನವೂ ಒಂದು.

ಹಾಗಾದರೆ ನನ್ನ ಸಾಫ್ಟ್‌ವೇರ್ ದಡ್ಡ ಊಹೆಯನ್ನಾದರೂ ಮಾಡಬಹುದಿತ್ತಲ್ಲ, ತೆರೆಯಲೇ ಇಲ್ಲ ಯಾಕೆ?

ಹಳೇ ಕಡತಗಳ ಮೋಡಿ ಅಕ್ಷರವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡತ ಹಾಳಾಗಿಲ್ಲ, ಬರಹ ಮಾಸಿಲ್ಲ, ಹಿಡಿದು ನೋಡಿದರೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ರಾ ಫೈಲಿನದ್ದೂ ಅದೇ ಪಾಡು. ಪ್ರತಿ ಕಂಪನಿಗೆ ಅದರದ್ದೇ ಬರವಣಿಗೆ. ಮೊದಲನೆಯದಾಗಿ ಸಂಖ್ಯೆಗಳನ್ನು ಹೇಗೆ ಒತ್ತಿ ತುಂಬಿದ್ದಾರೆ ಅಂತ ಗೊತ್ತಿರಬೇಕು. ಆಮೇಲೆ ಕಪ್ಪು ಎಲ್ಲಿಂದ ಶುರು ಅಂತ. ಪೂರ್ತಿ ಕತ್ತಲಲ್ಲೂ ಸೆನ್ಸರ್ ಸಾಮಾನ್ಯವಾಗಿ ಸೊನ್ನೆ ಕೊಡುವುದಿಲ್ಲ. 512, 1024 ಹೀಗೆ ಒಂದೊಂದು ಮಾದರಿಗೆ ಒಂದೊಂದು ಬುಡ. ಆ ಬುಡವನ್ನು ಸರಿಯಾಗಿ ಕಳೆಯದಿದ್ದರೆ ನೆರಳುಗಳೆಲ್ಲ ಬಣ್ಣ ತಿರುಗುತ್ತವೆ. ಕೊನೆಗೆ ಬಣ್ಣದ ಪಟ್ಟಿ. ಒಂದು ಕ್ಯಾಮೆರಾದ ಕೆಂಪು ಪರದೆ ಇನ್ನೊಂದರ ಕೆಂಪಲ್ಲ. ಈ ಕ್ಯಾಮೆರಾದ ಕೆಂಪು, ಹಸಿರು, ನೀಲಿಗೂ ಮನುಷ್ಯರ ಕಣ್ಣು ಕಾಣುವ ಬಣ್ಣಕ್ಕೂ ಏನು ಸಂಬಂಧ ಅಂತ ಹೇಳಲು ಮೂರು ಸಾಲಿನಲ್ಲಿ ಮೂರು ಮೂರರಂತೆ ಒಂಬತ್ತು ಸಂಖ್ಯೆ ಬೇಕು. ಒಂಬತ್ತೇ. ನನ್ನ ಸಾಫ್ಟ್‌ವೇರ್ ತಯಾರಾದಾಗ ತಮ್ಮನ ಕ್ಯಾಮೆರಾ ಇನ್ನೂ ಹುಟ್ಟಿರಲಿಲ್ಲ. ಆ ಒಂಬತ್ತು ಸಂಖ್ಯೆ ಅದಕ್ಕೆ ಎಲ್ಲಿಂದ ಸಿಗಬೇಕು?

ಈ ಬರವಣಿಗೆಗಳನ್ನು ಕಂಪನಿಗಳು ಸಾಮಾನ್ಯವಾಗಿ ಯಾರಿಗೂ ಹೇಳಿಕೊಡುವುದಿಲ್ಲ. ಹಾಗಾಗಿ ಕೂತು ಬಿಡಿಸುವವರು ಬೇಕಾಯಿತು. ಡೇವ್ ಕಾಫಿನ್ ಎಂಬ ಅಮೆರಿಕದ ಪ್ರೋಗ್ರಾಮರ್ 1997ರಲ್ಲಿ ಡಿಸಿರಾ ಎಂಬ ಪುಟ್ಟ ಪ್ರೋಗ್ರಾಮ್ ಬರೆಯಲು ಶುರು ಮಾಡಿದರು. ಇಡೀ ಪ್ರೋಗ್ರಾಮ್ ಸಿ ಭಾಷೆಯ ಒಂದೇ ಫೈಲು. ಹೊಸ ಕ್ಯಾಮೆರಾ ಬಂದ ಹಾಗೆಲ್ಲ ಅದರ ಬರವಣಿಗೆಯನ್ನು ಬಿಡಿಸಿ ಸೇರಿಸುತ್ತಾ ಹೋದರು. ಎರಡು ದಶಕ ಇದೇ ಕೆಲಸ. 2018ರಲ್ಲಿ ಬಂದ 9.28ನೇ ಆವೃತ್ತಿಯ ಹೊತ್ತಿಗೆ ನೂರಾರು ಮಾದರಿಗಳು ಅದರೊಳಗಿದ್ದವು. ಅದನ್ನೇ ಬುಡವಾಗಿಟ್ಟುಕೊಂಡು ಬೆಳೆದ ಲಿಬ್‌ರಾ ಎಂಬ ಪ್ರೋಗ್ರಾಮ್ ಇವತ್ತು ಎಷ್ಟೋ ಸಾಫ್ಟ್‌ವೇರುಗಳ ಹೊಟ್ಟೆಯಲ್ಲಿ ಕೂತು ಕೆಲಸ ಮಾಡುತ್ತಿದೆ. ಬಳಸುವವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ.

2005ರಲ್ಲಿ ಒಂದು ಜಗಳವೇ ಆಯಿತು. ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗುಪ್ತ ಸಂಕೇತದಲ್ಲಿ ಬರೆದಿತ್ತು. ಬಿಳಿ ಬಿಳಿಯಾಗಿಯೇ ಕಾಣಲು ಕೆಂಪು, ನೀಲಿಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವ ಮಾಹಿತಿ ಅದು. ಫೋಟೊಶಾಪನ್ನು ಹುಟ್ಟುಹಾಕಿದ ಥಾಮಸ್ ನೋಲ್ ಬಹಿರಂಗವಾಗಿಯೇ ಸಿಟ್ಟಾದರು. ಕಾಫಿನ್ ಮಾತ್ರ ಸುಮ್ನೆ ಕೂತು ಬೀಗ ಬಿಡಿಸಿಬಿಟ್ಟರು. ಫೋಟೊ ತೆಗೆದವರು ನಾವು, ಕ್ಯಾಮೆರಾಗೆ ದುಡ್ಡು ಕೊಟ್ಟವರು ನಾವು. ನಮ್ಮ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಇಟ್ಟುಕೊಳ್ಳುವುದಕ್ಕೆ ಇವರು ಯಾರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಬೆಳ್ಳಕ್ಕಿಗಳಿಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. 2004ರ ಸೆಪ್ಟೆಂಬರಿನಲ್ಲಿ ಅಡೋಬಿ ಕಂಪನಿ ಡಿಎನ್‌ಜಿ ಎಂಬ ರಾ ಮಾದರಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಗುಟ್ಟು ಇಷ್ಟೆ: ಕಪ್ಪಿನ ಬುಡ, ಬಿಳಿಯ ಮಿತಿ, ಬಣ್ಣದ ಒಂಬತ್ತು ಸಂಖ್ಯೆ ಎಲ್ಲವನ್ನೂ ಫೈಲಿನ ಒಳಗೇ ಬರೆದಿಟ್ಟಿರುತ್ತಾರೆ. ಬುತ್ತಿಯ ಜೊತೆಗೆ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟ ಹಾಗೆ. ತೆರೆಯುವ ಸಾಫ್ಟ್‌ವೇರಿಗೆ ಕ್ಯಾಮೆರಾದ ಪರಿಚಯವೇ ಬೇಕಿಲ್ಲ. ಬೇರೆ ರಾ ಫೈಲುಗಳನ್ನು ಡಿಎನ್‌ಜಿಗೆ ಬದಲಿಸುವ ಪುಟ್ಟ ಪ್ರೋಗ್ರಾಮನ್ನೂ ಅಡೋಬಿ ಬಿಟ್ಟಿಯಾಗಿಯೇ ಕೊಡುತ್ತದೆ.

ಒಂದು ಕಡೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ನಾವಾಗಿ ಹೇಳದಿದ್ದರೆ ಆ ಪ್ರೋಗ್ರಾಮ್ ಹೊಸ ಬಗೆಯ ಡಿಎನ್‌ಜಿ ಬರೆಯುತ್ತದೆ, ಅದನ್ನು ಹಳೇ ಸಾಫ್ಟ್‌ವೇರ್ ಓದದೆಯೂ ಇರಬಹುದು. ಸೆಟ್ಟಿಂಗಿನ ಒಳಗೆ ಹೋಗಿ, ಯಾವ ಹಳೇ ಆವೃತ್ತಿಗೆ ಹೊಂದಬೇಕು ಅನ್ನುವ ಪಟ್ಟಿಯಲ್ಲಿ ನಮ್ಮದನ್ನು ಆರಿಸಬೇಕು. ಎರಡನೇ ಸಲ ಹಾಗೆ ಮಾಡಿದೆ. ತಮ್ಮ ಕಾಫಿ ಕುಡಿದು ಬರುವಷ್ಟರಲ್ಲಿ ನನ್ನ ಗುಜರಿ ಪರದೆ ತುಂಬ ಬೆಳ್ಳಕ್ಕಿಗಳು.

ಅವನ ಕ್ಯಾಮೆರಾ ಪರದೆಯಲ್ಲಿ ರೆಕ್ಕೆ ಬರೀ ಬಿಳಿ ತೇಪೆಯಾಗಿತ್ತು. ನಾನು ಬೆಳಕು ತಗ್ಗಿಸುವ ಹಳೇ ಸ್ಲೈಡರನ್ನು ಎಡಕ್ಕೆ ಎಳೆದೆ. ಗರಿಗಳ ಗೆರೆ ಒಂದೊಂದಾಗಿ ಬಂತು. ಮಾಯವೇನಿಲ್ಲ. ಬಿಸಿಲಿನಲ್ಲಿ ಮೊದಲು ತುಂಬಿ ತುಳುಕುವುದು ಸಾಮಾನ್ಯವಾಗಿ ಹಸಿರು ಗೂಡುಗಳು. ಆಗಲೂ ಕೆಂಪು, ನೀಲಿ ಗೂಡುಗಳಲ್ಲಿ ಜಾಗ ಉಳಿದಿರುತ್ತದೆ. ಅವುಗಳ ಲೆಕ್ಕ ನೋಡಿ ಹಸಿರು ಎಷ್ಟಿದ್ದಿರಬಹುದು ಅಂತ ಸಾಫ್ಟ್‌ವೇರ್ ಊಹಿಸುತ್ತದೆ. ಜೆಪೆಗ್ ಆಗಿದ್ದರೆ ಈ ಲೆಕ್ಕವೇ ಉಳಿದಿರುತ್ತಿರಲಿಲ್ಲ. ಅದರಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಉಳಿದದ್ದನ್ನು ಕ್ಯಾಮೆರಾ ಆಗಲೇ ಎಸೆದಿರುತ್ತದೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರಿ, ಹಳೇ ಫೋಟೊ ಒಂದು ಕೊಡು, ನನ್ನ ಹೊಸ ಸಾಫ್ಟ್‌ವೇರ್ ಏನು ಮಾಡುತ್ತೆ ನೋಡ್ತೀನಿ" ಅಂದ. ಪಂದ್ಯ ಶುರುವಾಯಿತು.

ನಾನು ಕೊಟ್ಟದ್ದು 2006ರ ಒಂದು ರಾ ಫೈಲು. ಆರು ಮೆಗಾಪಿಕ್ಸೆಲ್, 12 ಬಿಟ್. ಊರಿನ ಮನೆಯಲ್ಲಿ ಅಜ್ಜಿ ಸೌದೆ ಒಲೆಯ ಮುಂದೆ ಕೂತಿದ್ದಾಳೆ. ಬೆಳಕು ಅಂತ ಇದ್ದದ್ದು ಮೇಲಿನ ಬೆಳಕಿಂಡಿಯಿಂದ ಬಂದಷ್ಟೇ. ಒಂದು ಹಿತ್ತಾಳೆ ಚೊಂಬು ಹೊಳೆಯುತ್ತಿದೆ, ಅಜ್ಜಿಯ ಮುಖ ನೆರಳಿನಲ್ಲಿದೆ.

ಇಂಥ ಮುಖವನ್ನು ಬೆಳಕಿಗೆ ತರುವುದು ಯಾಕೆ ಕಷ್ಟ ಅನ್ನುವುದಕ್ಕೆ ಸರಳ ಲೆಕ್ಕವಿದೆ. ಸೆನ್ಸರಿನ ಲೆಕ್ಕ ನೇರ. ಬೆಳಕು ಎರಡರಷ್ಟಾದರೆ ಸಂಖ್ಯೆಯೂ ಎರಡರಷ್ಟು. ನಮ್ಮ ಕಣ್ಣು ಹಾಗಲ್ಲ, ಬೆಳಕು ಪ್ರತಿ ಸಲ ಅರ್ಧವಾದಾಗ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. 4096 ಸಂಖ್ಯೆಗಳಲ್ಲಿ ಅತಿ ಹೊಳೆಯುವ ಮೊದಲ ಮೆಟ್ಟಿಲೇ 2048ನ್ನು ನುಂಗಿಬಿಡುತ್ತದೆ. ಎರಡನೆಯದಕ್ಕೆ 1024. ಮೂರಕ್ಕೆ 512. ಹೀಗೇ ಇಳಿದು ಆರನೇ ಮೆಟ್ಟಿಲಿಗೆ ಬಂದರೆ 64 ಉಳಿದಿರುತ್ತದೆ. ಹಿತ್ತಾಳೆ ಚೊಂಬಿಗೆ ಎರಡು ಸಾವಿರ, ಅಜ್ಜಿಯ ಮುಖಕ್ಕೆ ಅರವತ್ತನಾಲ್ಕು!

ಅದರ ಮೇಲೆ ಬೆಳಕಿನದ್ದೇ ಒಂದು ಸ್ವಭಾವವಿದೆ. ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಸಮನಾಗಿ ಬೀಳುವುದಿಲ್ಲ, ಮಳೆ ಹನಿಯ ಹಾಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಸರಾಸರಿ 10,000 ಫೋಟಾನ್ ಬೀಳುವ ಜಾಗದಲ್ಲಿ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು. ಯಾರಿಗೂ ಕಾಣುವುದಿಲ್ಲ. ಬರೀ 100 ಬೀಳುವ ನೆರಳಿನಲ್ಲಿ ಏರುಪೇರು 10, ಅಂದರೆ ನೂರಕ್ಕೆ ಹತ್ತು. ಇದೇ ಕತ್ತಲ ಫೋಟೊಗಳಲ್ಲಿ ಕಾಣುವ ರವೆ ರವೆ. ಸೆನ್ಸರ್ ಎಷ್ಟೇ ದುಬಾರಿಯದ್ದಾದರೂ ಬೆಳಕಿನ ಈ ಗುಣ ಬದಲಾಗುವುದಿಲ್ಲ.

ನನ್ನ ಹಳೇ ಸಾಫ್ಟ್‌ವೇರಿಗೆ ಗೊತ್ತಿರುವುದು ರವೆಯನ್ನು ಸ್ವಲ್ಪ ಸವರುವುದು. ಜಾಸ್ತಿ ಸವರಿದರೆ ಮುಖ ಮೇಣದ ಗೊಂಬೆಯಾಗುತ್ತದೆ. ಹಾಗಾಗಿ ಅರ್ಧ ಬಿಟ್ಟೆ. ತಮ್ಮನ ಸಾಫ್ಟ್‌ವೇರಿನ ರೀತಿಯೇ ಬೇರೆ. ಲೆಕ್ಕವಿಲ್ಲದಷ್ಟು ಫೋಟೊಗಳನ್ನು ನೋಡಿ ಪಳಗಿದ ಎಐ ಅದರೊಳಗಿದೆ. ಇಂಥ ರವೆಯ ಹಿಂದೆ ಸಾಮಾನ್ಯವಾಗಿ ಎಂಥ ಚರ್ಮ, ಎಂಥ ಬಟ್ಟೆ ಇರುತ್ತದೆ ಅಂತ ಅದಕ್ಕೆ ಅಂದಾಜಿದೆ. ಗುಂಡಿ ಒತ್ತಿದ, ಅರ್ಧ ನಿಮಿಷ ಕಾದ. ಹತ್ತೊಂಬತ್ತು ವರ್ಷದ ಹಿಂದಿನ ಫೋಟೊ ನಿನ್ನೆ ತೆಗೆದ ಹಾಗೆ ಬಂತು. ಸೀರೆಯ ಅಂಚು ಚೊಕ್ಕ, ಕೆನ್ನೆಯ ಸುಕ್ಕು ಒಂದೊಂದೂ ಸ್ಪಷ್ಟ.

ಬೆರಗಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸುಕ್ಕುಗಳನ್ನೇ ನೋಡುತ್ತಾ ಕೂತೆ. ಅಜ್ಜಿಯ ಕೆನ್ನೆಯಲ್ಲಿ ಅವು ನಿಜಕ್ಕೂ ಹಾಗೇ ಇದ್ದವಾ? ಅಥವಾ ಇನ್ಯಾರ‍್ಯಾರದೋ ಅಜ್ಜಿಯರ ಕೆನ್ನೆ ನೋಡಿ ಕಲಿತದ್ದಾ? ಹಳೇ ಸಾಫ್ಟ್‌ವೇರೂ ಊಹೆ ಮಾಡಿತ್ತು, ಆದರೆ ಅದು ಕೇಳಿದ್ದು ಅದೇ ಫೋಟೊದ ಪಕ್ಕದ ಗೂಡುಗಳನ್ನು. ಇದು ಕೇಳಿದ್ದು ಊರಾಚೆಯವರನ್ನು.

ಎರಡನ್ನೂ ಸ್ಟುಡಿಯೋಗೆ ಕೊಟ್ಟು 8×12 ಪ್ರಿಂಟ್ ಹಾಕಿಸಿದೆವು. ಆರು ಮೆಗಾಪಿಕ್ಸೆಲ್ಲಿಗೆ ಆ ಅಳತೆ ಚೆನ್ನಾಗಿ ಹೊಂದುತ್ತದೆ, ಇಂಚಿಗೆ 250 ಚುಕ್ಕಿ ಸಿಗುತ್ತದೆ. ಯಾವುದು ಯಾರದ್ದು ಅಂತ ಹೇಳದೆ ಅಮ್ಮನ ಮುಂದೆ ಇಟ್ಟೆವು.

ಅಮ್ಮ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದಳು. ನಂದನ್ನು ಎತ್ತಿಕೊಂಡಳು.

"ಇದು ಫ್ರೇಮ್ ಹಾಕ್ಸು. ಇದ್ರಲ್ಲಿ ಹೊಗೆ ಇದೆ."

"ಅಮ್ಮಾ, ಅದು ಹೊಗೆ ಅಲ್ಲ, ಸೆನ್ಸರಿಗೆ ಬೆಳಕು ಸಾಲದೆ ಬಂದ ರವೆ" ಅಂತ ತಮ್ಮ ವಿವರಿಸಲು ಹೋದ.

"ಏನೋ ಒಂದು. ಆ ಅಡುಗೆಮನೆ ಇದ್ದಿದ್ದೇ ಹಾಗೆ" ಅಂದು ಅಮ್ಮ ಒಳಗೆ ಹೋದಳು.